ಹೆಸರು ಯಾರಿಗೆ ಹೇಳಿದ ಮಾತು?



ಕನ್ನಡ ಶಾಲೆಯಲ್ಲಿ ಕಲಿತವರಿಗೆ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಮೂರು ಪದಗಳು ನೆನಪಿರುತ್ತವೆ. ಕಲ್ಲು, ನದಿ, ಹೂವು ಎಂಬಂಥ, ರೂಢಿಯಿಂದ ಬಂದ ಹೆಸರುಗಳು ರೂಢನಾಮಗಳು. ವ್ಯವಹಾರಕ್ಕಾಗಿ ಒಬ್ಬ ವ್ಯಕ್ತಿಗೋ ಒಂದು ಊರಿಗೋ ಇಟ್ಟುಕೊಂಡದ್ದು ಅಂಕಿತನಾಮ. ಅರ್ಥಕ್ಕೆ ಅನುಗುಣವಾಗಿ ಬಂದದ್ದು ಅನ್ವರ್ಥನಾಮ. ಇವುಗಳ ಜೊತೆಗೆ ಭಾವನಾಮ ಎಂಬ ಇನ್ನೊಂದು ಬಗೆಯೂ ಇದೆ. ತಾಳ್ಮೆ, ಕರುಣೆ, ಸಮತೆ ಎಂಬಂತೆ ಗುಣವನ್ನೋ ಭಾವವನ್ನೋ ಹೇಳುವ ಪದಗಳು ಅವು. ವ್ಯಾಕರಣದ ಪುಸ್ತಕದಲ್ಲಿ ಇವು ಬೇರೆ ಬೇರೆ ಸಾಲುಗಳಲ್ಲಿ ಕೂತಿರುತ್ತವೆ. ತೊಟ್ಟಿಲಿನ ಬಳಿ ಹಾಗಲ್ಲ. ನಿನ್ನೆಯವರೆಗೆ ಬರೀ ಕಲ್ಲು, ಬರೀ ಕರುಣೆ ಆಗಿದ್ದ ಪದವೊಂದು, ಮನೆಮಂದಿ ಕೂಡಿ ಹೆಸರಿಡುವ ಗಳಿಗೆಯಲ್ಲಿ ಒಂದು ಮಗುವಿನ ಅಂಕಿತನಾಮವಾಗಿಬಿಡುತ್ತದೆ. ಈ ಭಾಷಣದ ವಿಷಯ ಆ ಬಗೆಯ ಹೆಸರುಗಳೇ. ಉದಾಹರಣೆಗಳು ಹೆಚ್ಚಾಗಿ ಪುಣೆ ನಗರದವು ಮತ್ತು ಅದರ ಸುತ್ತಲಿನ ಜಿಲ್ಲೆಗಳವು. ಅಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಮಾತನಾಡುವ ಮನೆಗಳಿಗೆ ಪರಿಚಿತವಾದವು.

ದೇವರ ಹೆಸರನ್ನೋ ತೀರಿಕೊಂಡ ಅಜ್ಜನ ಹೆಸರನ್ನೋ ಇಟ್ಟಾಗ ಅದನ್ನು ಯಾಕೆ ಇಟ್ಟಿರಿ ಎಂದು ಯಾರೂ ಕೇಳುವುದಿಲ್ಲ. ಪದವನ್ನೇ ಹೆಸರಾಗಿ ಇಟ್ಟಾಗ ಮಾತ್ರ ‘ಇದರ ಅರ್ಥವೇನು’ ಎಂಬ ಪ್ರಶ್ನೆ ಬರುತ್ತದೆ, ಮತ್ತು ಕೇಳಿದವರು ನಿಘಂಟಿನ ಅರ್ಥಕ್ಕೆ ತೃಪ್ತರಾಗುತ್ತಾರೆ. ನಿಘಂಟು ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಹೆಸರು ಮಗುವಿನದಾದರೂ ಅದನ್ನು ಉಚ್ಚರಿಸುವವರು ದೊಡ್ಡವರು. ಹಾಗೆ ಉಚ್ಚರಿಸುವಾಗ ಅವರು ಯಾರಿಗೋ ಏನನ್ನೋ ಹೇಳುತ್ತಿರುತ್ತಾರೆ. ಕೆಲವೊಮ್ಮೆ ಆ ‘ಯಾರೋ’ ಮಗುವೇ ಅಲ್ಲ. ಆದ್ದರಿಂದ ಹೆಸರಿನ ಅರ್ಥವೇನು ಎಂಬ ಪ್ರಶ್ನೆಯ ಜೊತೆಗೆ, ಅದು ಯಾರಿಗೆ ಹೇಳಿದ ಮಾತು ಎಂದೂ ಕೇಳಬೇಕಾಗುತ್ತದೆ.

ಮೊದಲು ಹಗುರವಾದ ಹೆಸರುಗಳನ್ನು ನೋಡಬಹುದು. ಇಂದಿನ ಪುಣೆಯಲ್ಲಿ, ಕೋಥ್ರೂಡದಲ್ಲೋ ಚಿಂಚವಡದಲ್ಲೋ, ಶಾಲೆಯಿಂದ ಹೊರಬರುವ ಮಕ್ಕಳನ್ನು ತಾಯಂದಿರು ಕರೆಯುವ ಹೆಸರುಗಳಲ್ಲಿ ‘ಓವಿ’ ಎಂಬುದು ಕಿವಿಗೆ ಬೀಳುತ್ತದೆ. ಓವಿ ಎಂದರೆ ಮರಾಠಿಯ ಒಂದು ಛಂದಸ್ಸು. ಹೆಂಗಸರು ಬೀಸುವಾಗ ಹಾಡುತ್ತಿದ್ದ, ಕನ್ನಡದ ಬೀಸುವ ಪದಕ್ಕೆ ಸಮೀಪದ ಹಾಡು ಅದು. ಬೀಸುವ ಕಲ್ಲು ಮನೆಯಿಂದ ಹೋಯಿತು, ಹಾಡಿನ ಹೆಸರು ಮಗಳಿಗೆ ಬಂತು. ‘ಅಬೋಲಿ’ ಎಂಬ ಹೆಸರೂ ಇದೆ. ಅದು ಕನಕಾಂಬರ ಹೂವಿನ ಮರಾಠಿ ಹೆಸರು, ಕನ್ನಡ ಕರಾವಳಿಯಲ್ಲಿ ಅಬ್ಬಲಿಗೆ ಎನ್ನುವುದೂ ಅದನ್ನೇ. ಆದರೆ ಮರಾಠಿ ಕಿವಿಗೆ ಅದರಲ್ಲಿ ‘ಮಾತನಾಡದವಳು’ ಎಂಬ ಇನ್ನೊಂದು ಅರ್ಥವೂ ಕೇಳಿಸುತ್ತದೆ. ಅನುಭವದಿಂದ ಬಂದ ಖಾತ್ರಿ ಎಂಬ ಅರ್ಥದ ‘ಪ್ರಚೀತಿ’ ಕೂಡ ಹುಡುಗಿಯರ ಹೆಸರಾಗಿದೆ. ಕನ್ನಡ ಮನೆಗಳಲ್ಲಿ ಇಂಚರ, ಸಿರಿ, ಒಲವು, ಅರಿವು ಎಂಬ ಹೆಸರುಗಳು ಬಂದಿವೆ. ಇವೆಲ್ಲ ತಮ್ಮ ಭಾಷೆಯ ಒಂದು ಪದವನ್ನು ಉಳಿಸಿಕೊಳ್ಳಬೇಕೆಂಬ ಆಸೆಯಿಂದ ಹುಟ್ಟಿದವು. ಊರು ಬಿಟ್ಟು ಬಂದವರ ಮನೆಯಲ್ಲಿ ಆ ಆಸೆ ಇನ್ನೂ ಬಲವಾಗಿರುತ್ತದೆ.

ಊರಿನ ನೆನಪು ಹೆಸರಾಗುವುದಕ್ಕೆ ಪುಣೆಯಲ್ಲೇ ಒಂದು ಪ್ರಸಿದ್ಧ ನಿದರ್ಶನವಿದೆ. ಡೆಕ್ಕನ್ ಕಾಲೇಜಿನಲ್ಲಿ ಮಾನವಶಾಸ್ತ್ರ ಕಲಿಸಿದ, 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ ದೊಡ್ಡ ಗ್ರಂಥವನ್ನು ಪ್ರಕಟಿಸಿದ, ‘ಯುಗಾಂತ’ದ ಮೂಲಕ ಮಹಾಭಾರತವನ್ನು ಹೊಸದಾಗಿ ಓದಿಸಿದ ಇರಾವತಿ ಕರ್ವೆಯವರು ಹುಟ್ಟಿದ್ದು 1905ರಲ್ಲಿ, ಬರ್ಮಾ ದೇಶದಲ್ಲಿ. ಅಲ್ಲಿನ ಇರಾವತಿ ನದಿಯ ಹೆಸರೇ ಅವರಿಗೆ ಬಂತು. ಮುಂದೆ ಅವರು ಸೊಸೆಯಾಗಿ ಹೋದದ್ದು ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮನೆಗೆ. ಮರಾಠಿಯಲ್ಲಿ ಧೋಂಡ ಎಂದರೆ ಕಲ್ಲು, ಬಂಡೆ. ಸೊಸೆಯ ಹೆಸರು ನದಿ, ಮಾವನ ಹೆಸರು ಕಲ್ಲು. ನದಿಯನ್ನು ಹೆಸರಾಗಿ ಇಡುವುದು ಸಹಜವೆನಿಸುತ್ತದೆ. ಮಗುವಿಗೆ ಕಲ್ಲು ಎಂದು ಯಾಕೆ ಹೆಸರಿಡಬೇಕು?

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಪದವೊಂದು ಹೆಸರಾದಾಗ ಅದು ಯಾರಿಗೋ ಹೇಳಿದ ಮಾತಾಗಿರುತ್ತದೆ, ಕೆಲವು ಹೆಸರುಗಳು ಭಾಷೆಗೆ ಅಥವಾ ಹುಟ್ಟಿದ ನೆಲಕ್ಕೆ ಸಲ್ಲಿಸಿದ ಮಾತುಗಳು. ಮುಂದಿನ ಮಾತು ಕಲ್ಲಿನ ಹೆಸರುಗಳ ಬಗ್ಗೆ.

ಮರಾಠಿಯಲ್ಲಿ ಧೋಂಡು, ದಗಡು; ಕನ್ನಡದಲ್ಲಿ ಕಲ್ಲಪ್ಪ, ಕಲ್ಲವ್ವ, ಗುಂಡಪ್ಪ, ಗುಂಡವ್ವ. ಎಲ್ಲದರಲ್ಲೂ ಇರುವುದು ಕಲ್ಲೇ, ಇಲ್ಲವೆ ಗುಂಡುಕಲ್ಲು. ಡಿ.ವಿ.ಜಿ. ಎಂಬ ಪೂಜ್ಯವಾದ ಮೂರಕ್ಷರಗಳಲ್ಲಿ ಕೊನೆಯದು ಗುಂಡಪ್ಪ ಎಂಬುದನ್ನು ಕನ್ನಡಿಗರು ನೆನೆಯಬಹುದು. ಕೆಲವು ಮನೆತನಗಳಲ್ಲಿ ಇವು ಕಲ್ಲೇಶ್ವರನಂಥ ಊರದೇವರ ಹೆಸರಿನಿಂದ ಬಂದಿರುತ್ತವೆ, ಆ ಮಾತು ಬೇರೆ. ಆದರೆ ಹಳ್ಳಿಗಳಲ್ಲಿ ಈ ಹೆಸರು ಮಕ್ಕಳು ಉಳಿಯದ ಮನೆಗಳಲ್ಲೂ ಬರುತ್ತಿತ್ತು. ಒಂದರ ಹಿಂದೆ ಒಂದು ಕೂಸು ತೀರಿಕೊಂಡ ಮೇಲೆ ಹುಟ್ಟಿದ ಮಗುವಿಗೆ ಚೆಂದದ ಹೆಸರಿಟ್ಟರೆ ಸಾವಿನ ಕಣ್ಣು ಬೀಳುತ್ತದೆ ಎಂದು ಹಿರಿಯರು ನಂಬಿದ್ದರು. ಕಲ್ಲನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಮಳೆಗೆ ಕರಗದೆ, ಬಿಸಿಲಿಗೆ ಒಣಗದೆ, ಕಲ್ಲು ಇದ್ದಲ್ಲೇ ಇರುತ್ತದೆ. ಮಗುವೂ ಹಾಗೆಯೇ ಇದ್ದಲ್ಲೇ ಇರಲಿ ಎಂಬುದು ಆ ಹೆಸರಿನ ಒಳಗಿನ ಮಾತು.

ಮಹರ್ಷಿ ಕರ್ವೆಯವರ ಬಾಳು ಆ ಹೆಸರನ್ನು ಅನ್ವರ್ಥವಾಗಿಸಿತು. 1858ರಲ್ಲಿ ಹುಟ್ಟಿದ ಅವರು 1962ರವರೆಗೆ, ನೂರು ದಾಟಿ, ಬದುಕಿದರು. 1896ರಲ್ಲಿ ವಿಧವೆಯರಿಗಾಗಿ ಆಶ್ರಮ ಕಟ್ಟಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಆರಂಭಿಸಿದರು. 1958ರಲ್ಲಿ ಭಾರತರತ್ನ ಬಂದಾಗಲೂ ಅವರಿದ್ದರು.

ಪುಣೆಯಲ್ಲಿ ಇನ್ನೊಂದು ಕಲ್ಲಿನ ಹೆಸರು ದಿನಕ್ಕೆ ಸಾವಿರಾರು ಬಾಯಲ್ಲಿ ಉಚ್ಚಾರವಾಗುತ್ತದೆ. ಅದು ದಗಡೂಶೇಠ್. ಬುಧವಾರ ಪೇಟೆಯ ಗಣಪತಿಯನ್ನು ನೋಡಲು ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಆ ಗಣಪತಿಯನ್ನು ಎಲ್ಲರೂ ಕರೆಯುವುದು ದಗಡೂಶೇಠ್ ಹಲವಾಯಿ ಗಣಪತಿ ಎಂದೇ. ಹಲವಾಯಿ ಎಂದರೆ ಮಿಠಾಯಿ ಮಾಡುವವರು. ದಗಡೂಶೇಠರು 19ನೆಯ ಶತಮಾನದ ಕೊನೆಯಲ್ಲಿ ಪುಣೆಯಲ್ಲಿ ಹೆಸರು ಮಾಡಿದ ಲಿಂಗಾಯತ ಮಿಠಾಯಿ ವ್ಯಾಪಾರಿ. ಅವರ ಮನೆತನ ಕರ್ನಾಟಕದಿಂದ ಬಂದು ನೆಲೆಸಿದ್ದು ಎಂದು ಹೇಳುತ್ತಾರೆ. ಮಂದಿರದ ಪರಂಪರೆ ಹೇಳುವ ಕಥೆಯ ಪ್ರಕಾರ, ಪ್ಲೇಗಿನ ದಿನಗಳಲ್ಲಿ ದಗಡೂಶೇಠ್ ಮತ್ತು ಲಕ್ಷ್ಮೀಬಾಯಿ ದಂಪತಿ ತಮ್ಮ ಮಗನನ್ನು ಕಳೆದುಕೊಂಡರು. ದುಃಖದಲ್ಲಿದ್ದ ಅವರಿಗೆ ಗುರುಗಳು, ದತ್ತನ ಮತ್ತು ಗಣಪತಿಯ ಮೂರ್ತಿಗಳನ್ನು ಮಾಡಿಸಿ ಅವನ್ನೇ ಮಕ್ಕಳಂತೆ ನೋಡಿಕೊಳ್ಳಿ, ಮಕ್ಕಳು ತಂದೆತಾಯಿಯ ಹೆಸರು ಬೆಳಗುವಂತೆ ಅವು ನಿಮ್ಮ ಹೆಸರು ಬೆಳಗುತ್ತವೆ ಎಂದರು. ಇಂದು ಆ ಪೇಟೆಯಲ್ಲಿ ದತ್ತ ಮಂದಿರವೂ ಇದೆ, ಗಣಪತಿಯ ಮಂದಿರವೂ ಇದೆ.

ಈ ಕಥೆಯಲ್ಲಿ ಹೆಸರಿನ ದಾರಿಯನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಸಾವು ಹತ್ತಿರ ಬಾರದಿರಲಿ ಎಂದು ಜನ ಇಡುತ್ತಿದ್ದ ಹೆಸರೊಂದು ಒಬ್ಬ ಮನುಷ್ಯನಿಗೆ ಇತ್ತು. ಅವನು ಉಳಿದ, ಬೆಳೆದ, ಬಾಳಿದ. ಆದರೆ ಸಾವು ಅವನ ಮಗನನ್ನು ಒಯ್ದಿತು. ಮಗನ ಮೂಲಕ ಮುಂದುವರಿಯಬೇಕಾಗಿದ್ದ ಹೆಸರು ದೇವರ ಮೂಲಕ ಮುಂದುವರಿಯಿತು. ಸಾಮಾನ್ಯವಾಗಿ ದೇವರ ಹೆಸರು ಮನುಷ್ಯನಿಗೆ ಬರುತ್ತದೆ. ಇಲ್ಲಿ ‘ಕಲ್ಲು’ ಎಂಬ ಅರ್ಥದ ಮನುಷ್ಯನ ಹೆಸರು ದೇವರಿಗೆ ಬಂದಿದೆ. ಭಾದ್ರಪದದಲ್ಲಿ ಆ ಬೀದಿಯಲ್ಲಿ ನೆರೆಯುವ ಲಕ್ಷಾಂತರ ಜನರಲ್ಲಿ ಯಾರಿಗೂ ಅದು ಕೀಳು ಹೆಸರು ಅನಿಸುವುದಿಲ್ಲ.

ಕಲ್ಲಿಗಿಂತಲೂ ಕೆಳಗಿನ ಪದಗಳು ಹೆಸರಾಗಿವೆ. ಕನ್ನಡದಲ್ಲಿ ತಿಪ್ಪಣ್ಣ, ತಿಪ್ಪವ್ವ, ಮರಾಠಿಯಲ್ಲಿ ಉಕಿರಡಾ. ಎರಡೂ ಕಡೆ ಅದು ತಿಪ್ಪೆಯೇ. ಕಸ ಎಂಬ ಅರ್ಥದ ‘ಕೇರ’ದಿಂದ ಕೇರಬಾ, ‘ಕಚರಾ’ದಿಂದ ಕಚರೂ. ಭಿಕ್ಷೆಯಿಂದ ಭಿಕಾಜಿ, ಭಿಕೂ. ತವುಡು ಎಂಬ ಅರ್ಥದ ‘ಕೋಂಡಾ’ದಿಂದ ಕೋಂಡಿಬಾ. ತೆಲುಗಿನ ಪೆಂಟಯ್ಯನಲ್ಲಿ ತಿಪ್ಪೆ, ಪುಲ್ಲಯ್ಯನಲ್ಲಿ ಉಂಡೆಸೆದ ಎಲೆ, ತಮಿಳಿನ ಪಿಚ್ಚೈಯಲ್ಲಿ ಭಿಕ್ಷೆ. ಈ ಭಾಷೆಗಳೆಲ್ಲ ಈ ವಿಷಯದಲ್ಲಿ ಒಂದೇ ಮಾತನಾಡಿವೆ.

ಈ ಹೆಸರುಗಳ ಹಿಂದೆ ಒಂದು ಆಚರಣೆ ಇತ್ತು. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ಮನೆಯ ಹಿಂದಿನ ತಿಪ್ಪೆಯ ಮೇಲೆ ಇಡುತ್ತಿದ್ದರು. ಬೇರೊಬ್ಬ ಹೆಂಗಸು, ದಾರಿಯಲ್ಲಿ ಹೋಗುತ್ತಿದ್ದವಳಂತೆ ಬಂದು, ಬಿದ್ದ ವಸ್ತುವನ್ನು ಎತ್ತಿಕೊಳ್ಳುವವಳಂತೆ ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಆಮೇಲೆ ತಾಯಿ ಅವಳಿಗೆ ಒಂದು ಹಿಡಿ ತವುಡನ್ನೋ ಒಂದು ಕಾಸನ್ನೋ ಕೊಟ್ಟು ತನ್ನ ಮಗುವನ್ನೇ ಕೊಂಡುಕೊಳ್ಳುತ್ತಿದ್ದಳು. ಕೂಸು ಆಗ ಆ ತಾಯಿಯದಲ್ಲ, ತಿಪ್ಪೆಯದು, ತವುಡಿನ ಬೆಲೆಯದು. ಆ ತಾಯಿಯ ಮಕ್ಕಳನ್ನೇ ಹುಡುಕಿಕೊಂಡು ಬರುವ ಸಾವಿಗೆ ಅಲ್ಲಿ ಮಗು ಸಿಗುವುದಿಲ್ಲ. ಹೆಸರು ಈ ವ್ಯಾಪಾರದ ರಸೀದಿಯಂತೆ ಮಗುವಿನ ಜೊತೆಗೆ ಉಳಿಯುತ್ತಿತ್ತು.

ಈ ಭಯವನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ನೂರು ವರ್ಷಗಳ ಹಿಂದಿನ ಭಾರತದಲ್ಲಿ ಹುಟ್ಟಿದ ಪ್ರತಿ ಐದು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು, ವರ್ಷ ತುಂಬುವ ಮೊದಲೇ ಸಾಯುತ್ತಿತ್ತು. ಇಂದು ಸಾವಿರಕ್ಕೆ ಸುಮಾರು 25. ಈ ಎರಡು ಅಂಕಿಗಳ ನಡುವಿನ ದೂರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ತಿಪ್ಪಣ್ಣ ಎಂಬ ಹೆಸರು ಬೇರೆ ರೀತಿ ಕೇಳಿಸುತ್ತದೆ. ಲಸಿಕೆಯಿಲ್ಲದ, ಶುದ್ಧ ನೀರಿಲ್ಲದ ಕಾಲದಲ್ಲಿ ತಾಯಿಯ ಕೈಯಲ್ಲಿ ಪದವೊಂದೇ ಇತ್ತು, ಅದನ್ನೇ ಅವಳು ಮಗುವಿಗೆ ಕಾವಲಿಟ್ಟಳು. ಪಶ್ಚಿಮ ಆಫ್ರಿಕಾದ ಯೊರುಬಾ ಜನರೂ ಇದೇ ಸಂಕಟಕ್ಕೆ ಪದದಿಂದಲೇ ಉತ್ತರ ಹುಡುಕಿದರು, ಆದರೆ ಅವರು ಮಾತನಾಡಿದ್ದು ಸಾವಿನೊಂದಿಗಲ್ಲ, ಮತ್ತೆ ಮತ್ತೆ ಹುಟ್ಟಿ ಹೋಗುವುದೆಂದು ತಾವು ನಂಬಿದ ಮಗುವಿನೊಂದಿಗೆ. ‘ಮಾಲೋಮೊ’ ಎಂದರೆ ಇನ್ನು ಮತ್ತೆ ಹೋಗಬೇಡ. ‘ದುರೋಜಾಯೆ’ ಎಂದರೆ ನಿಲ್ಲು, ಬಾಳಿನ ಸುಖ ಕಾಣು.

ಹೀಗೆ, ಕಲ್ಲು, ತಿಪ್ಪೆ, ತವುಡುಗಳ ಹೆಸರುಗಳು ಸಾವಿಗೆ ಹೇಳಿದ ಮಾತುಗಳು. ಪದ ಕೀಳು, ಅದರೊಳಗಿನ ಭಾವ ವಾತ್ಸಲ್ಯ. ಆದರೆ ಅದೇ ಕೀಳು ಪದ ಬೇರೆಯವರ ಬಾಯಿಂದ ಬಂದರೆ?

ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಹೆಸರಿಡುವ ನಿಯಮಗಳಿವೆ. ಬ್ರಾಹ್ಮಣನ ಹೆಸರು ಮಂಗಳವನ್ನೂ, ಕ್ಷತ್ರಿಯನ ಹೆಸರು ಬಲವನ್ನೂ, ವೈಶ್ಯನ ಹೆಸರು ಧನವನ್ನೂ ಸೂಚಿಸಬೇಕು. ಶೂದ್ರನ ಹೆಸರು ‘ಜುಗುಪ್ಸಿತ’ವಾಗಿರಬೇಕು, ಅಂದರೆ ಕೇಳಿದವರಿಗೆ ಹೇಸಿಗೆ ಹುಟ್ಟಿಸುವಂತಿರಬೇಕು. ಇಲ್ಲಿ ಕಸವೆಂಬ ಪದವನ್ನು ಆರಿಸುವವಳು ತಾಯಿಯಲ್ಲ, ಆಳುವ ಸಮಾಜ. ತಾಯಿ ಮಗುವನ್ನು ತಿಪ್ಪೆಯ ಮೇಲಿಟ್ಟು ಮರುಗಳಿಗೆಯಲ್ಲಿ ಎತ್ತಿಕೊಂಡಳು; ಶಾಸ್ತ್ರ ಅದನ್ನು ಅಲ್ಲೇ ಬಿಟ್ಟಿತು. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೂ, ಒಬ್ಬನ ಹೆಸರು ಹರಕೆ, ಇನ್ನೊಬ್ಬನ ಹೆಸರು ಅಪ್ಪಣೆ. ನಿಘಂಟಿಗೆ ಈ ವ್ಯತ್ಯಾಸ ತಿಳಿಯದು.

ಈ ಅಪ್ಪಣೆಗೆ ಉತ್ತರ ಬಂದದ್ದೂ ಹೆಸರುಗಳ ಮೂಲಕವೇ. ಡಾ. ಬಿ.ಆರ್. ಅಂಬೇಡ್ಕರ್ ಅವರ ಚಳವಳಿ 1927ರಲ್ಲಿ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟಿತು. 1954ರ ಡಿಸೆಂಬರ್ 25ರಂದು ಪುಣೆಯ ಹತ್ತಿರದ ದೇಹೂ ರೋಡಿನಲ್ಲಿ ಅವರು ಬುದ್ಧನ ಮೂರ್ತಿಯನ್ನು ಸ್ಥಾಪಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮವನ್ನು ಸ್ವೀಕರಿಸಿದರು. ಆ ನಂತರದ ತಲೆಮಾರಿನಲ್ಲಿ ಮಹಾರಾಷ್ಟ್ರದ ಬೌದ್ಧ ಮನೆಗಳ ತೊಟ್ಟಿಲುಗಳಿಗೆ ಹೊಸ ಪದಗಳು ಬಂದವು. ಸಿದ್ಧಾರ್ಥ, ರಾಹುಲ, ಮಿಲಿಂದ ಎಂಬ ವ್ಯಕ್ತಿನಾಮಗಳ ಜೊತೆಗೆ ಪ್ರಜ್ಞಾ, ಶೀಲ, ಕರುಣಾ, ಮೈತ್ರಿ, ಸಮತಾ ಎಂಬ ಭಾವನಾಮಗಳು. ದಗಡು, ಕಚರೂ ಎಂಬ ಅಜ್ಜಂದಿರ ಮೊಮ್ಮಕ್ಕಳು ಇವರು. ಈ ಹೆಸರುಗಳನ್ನು ಕೇಳಬೇಕಾಗಿದ್ದದ್ದು ಸಾವಲ್ಲ, ಊರು. ಶಾಲೆಯ ಮಾಸ್ತರರು, ತಲಾಠಿ ಎಂಬ ಗ್ರಾಮಲೆಕ್ಕಿಗರು, ಗೌಡರು ಎಲ್ಲರೂ ಈ ಹುಡುಗಿಯನ್ನು ಕರೆಯಬೇಕಾದರೆ ‘ಸಮತಾ’ ಎನ್ನಲೇಬೇಕು. ಒಪ್ಪದವರ ಬಾಯಲ್ಲೂ ಆ ಪದ ಹೊರಡಲೇಬೇಕು. ಗುಣವನ್ನು ಹೆಸರಾಗಿ ಇಡುವ ಪದ್ಧತಿ ಲೋಕದಲ್ಲಿ ಬೇರೆಡೆಯೂ ಇದೆ. 17ನೆಯ ಶತಮಾನದ ಇಂಗ್ಲೆಂಡಿನ ಪ್ಯೂರಿಟನ್ ಪಂಥದವರು ತಾಳ್ಮೆ, ಕೃಪೆ, ವಿಶ್ವಾಸ ಎಂಬರ್ಥದ ಪದಗಳನ್ನು ಮಕ್ಕಳಿಗೆ ಇಟ್ಟರು. ಅವರ ಹೆಸರುಗಳು ದೇವರ ಎದುರಿನ ಪ್ರತಿಜ್ಞೆಗಳು. ಮಹಾರಾಷ್ಟ್ರದ ಸಮತೆ ನೆರೆಯವರ ಎದುರಿನ ಹಕ್ಕಿನ ಮಾತು.

ಭಾವನಾಮಗಳ ಈ ಸಾಲಿನಲ್ಲಿ ಒಂದು ಪದದ ಬಳಿ ಕನ್ನಡ ಕಿವಿ ತಡೆಯುತ್ತದೆ. ‘ಉಪೇಕ್ಷಾ’ ಎಂಬ ಹೆಸರು ಮಹಾರಾಷ್ಟ್ರದಲ್ಲಿದೆ. ದಿನಬಳಕೆಯ ಕನ್ನಡದಲ್ಲಿ ಉಪೇಕ್ಷೆ ಎಂದರೆ ಕಡೆಗಣಿಸುವುದು. ಮಗಳಿಗೆ ಇಂಥ ಹೆಸರೇ ಎಂದು ಕೇಳಿದವರು ಬೆಚ್ಚಬಹುದು. ಬೌದ್ಧ ಪರಿಭಾಷೆಯಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಬ್ರಹ್ಮವಿಹಾರಗಳಿವೆ, ಅಂದರೆ ಮನಸ್ಸು ನೆಲೆಸಬೇಕಾದ ನಾಲ್ಕು ಉನ್ನತ ಸ್ಥಿತಿಗಳು. ಅಲ್ಲಿ ಉಪೇಕ್ಷೆ ಎಂದರೆ ಹಿಗ್ಗದೆ ಕುಗ್ಗದೆ ಇರುವ ಸಮಚಿತ್ತ. ಹೆಸರಿನ ಅರ್ಥ ಪದದಲ್ಲಿರುವಷ್ಟೇ ಆ ಪದವನ್ನು ಬಳಸುವ ಜನರಲ್ಲಿಯೂ ಇರುತ್ತದೆ.

ಇಲ್ಲಿಯವರೆಗೆ ಸಾವಿಗೆ ಹೇಳಿದ ಹೆಸರುಗಳೂ ಸಮಾಜಕ್ಕೆ ಹೇಳಿದ ಹೆಸರುಗಳೂ ಆದವು. ಇನ್ನೊಂದು ಬಗೆ ಉಳಿದಿದೆ. ಅದನ್ನು ಹೇಳುವುದು ಕಷ್ಟ, ಹೇಳದೆ ಬಿಡಲಾಗದು.

ಪುಣೆಯ ದಕ್ಷಿಣಕ್ಕೆ ಸಾತಾರಾ ಜಿಲ್ಲೆ. ಪುಣೆಯಿಂದ ಬೆಳಗಾವಿಗೆ ಬರುವ ಹೆದ್ದಾರಿ ಅದರ ನಡುವೆಯೇ ಹಾಯುತ್ತದೆ. ಆ ಜಿಲ್ಲೆಯ ಹಳ್ಳಿಗಳಲ್ಲಿ ‘ನಕುಶಿ’ ಅಥವಾ ‘ನಕೂಸಾ’ ಎಂಬ ಹೆಸರಿನ ಹುಡುಗಿಯರಿದ್ದರು. ಮರಾಠಿಯಲ್ಲಿ ‘ನಕೋ’ ಎಂದರೆ ಬೇಡ. ನಕುಶಿ ಎಂದರೆ ಬೇಡವಾದವಳು. ಎರಡನೆಯದೋ ಮೂರನೆಯದೋ ಹೆಣ್ಣು ಹುಟ್ಟಿದಾಗ ಈ ಹೆಸರಿಟ್ಟರೆ ಮುಂದಿನದು ಗಂಡಾಗುತ್ತದೆ ಎಂಬ ನಂಬಿಕೆ ಅಲ್ಲಿತ್ತು.

ಮೇಲುನೋಟಕ್ಕೆ ನಕುಶಿ, ತಿಪ್ಪವ್ವ ಎರಡೂ ಒಂದೇ ಜಾತಿಯ ಹೆಸರುಗಳಂತೆ ಕಾಣುತ್ತವೆ. ಎರಡರಲ್ಲೂ ಮಗುವನ್ನು ಬೇಡದ ವಸ್ತುವಿನಂತೆ ಹೇಳಲಾಗಿದೆ. ಆದರೆ ಯಾರಿಗೆ ಹೇಳಿದ ಮಾತು ಎಂದು ಕೇಳಿದ ಕೂಡಲೇ ಎರಡೂ ಬೇರೆಯಾಗುತ್ತವೆ. ತಿಪ್ಪವ್ವ ಎಂಬುದು ಸಾವಿಗೆ ಹೇಳಿದ ಸುಳ್ಳು: ಈ ಮಗು ನಮಗೆ ಬೇಡವಾದದ್ದು, ನೀನೂ ಮುಟ್ಟಬೇಡ. ನಕುಶಿ ಎಂಬುದು ದೇವರಿಗೆ ಹೇಳಿದ ನಿಜ: ಇಂಥದು ಇನ್ನು ಬೇಡ. ಮೊದಲನೆಯದರಲ್ಲಿ ಮಗು ಉಳಿಯಲಿ ಎಂಬ ಬೇಡಿಕೆಯಿದೆ. ಎರಡನೆಯದರಲ್ಲಿ ಬೇಡಿಕೆ ಇನ್ನೂ ಹುಟ್ಟದ ಗಂಡುಮಗುವಿನ ಬಗ್ಗೆ. ಹುಟ್ಟಿ ತೊಟ್ಟಿಲಲ್ಲಿ ಮಲಗಿರುವ ಮಗು ಆ ಸಂದೇಶವನ್ನು ಹೊರುವ ಓಲೆ ಮಾತ್ರ. ಚೀನಾದಲ್ಲಿಯೂ ‘ತಮ್ಮನನ್ನು ಕರೆ’ ಎಂಬ ಅರ್ಥದ ‘ಝಾವೋದಿ’ ಎಂಬ ಹೆಸರು ಹೆಣ್ಣುಮಕ್ಕಳಿಗಿದೆ.

ಮತ್ತು ಓಲೆಗೆ ಕಿವಿಯಿದೆ. ಶಾಲೆಯಲ್ಲಿ ಪ್ರತಿದಿನ ಬೆಳಿಗ್ಗೆ ಹಾಜರಿ ಕರೆಯುತ್ತಾರೆ. ಮಾಸ್ತರರು ಪುಸ್ತಕ ನೋಡಿ ‘ಬೇಡವಾದವಳು’ ಎಂದು ಕೂಗುತ್ತಾರೆ, ಹುಡುಗಿ ಎದ್ದು ನಿಂತು ‘ಹಾಜರ್’ ಎನ್ನಬೇಕು. ವರ್ಷಕ್ಕೆ 200ಕ್ಕೂ ಹೆಚ್ಚು ಬೆಳಗುಗಳು, ಹತ್ತು ವರ್ಷ. ತಮ್ಮ ಹುಟ್ಟಿದನೋ ಇಲ್ಲವೋ, ಹೆಸರು ಅವಳಲ್ಲೇ ಉಳಿಯುತ್ತದೆ. ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿ, ಸ್ಪಷ್ಟಾರ್ಥವಾಗಿ, ಮನೋಹರವಾಗಿ, ಆಶೀರ್ವಾದದಂತೆ ಇರಬೇಕು ಎಂದು ಶೂದ್ರರಿಗೆ ಅಷ್ಟು ಕ್ರೂರವಾದ ಮನುಸ್ಮೃತಿಯೂ ಅದೇ ಅಧ್ಯಾಯದಲ್ಲಿ ಹೇಳುತ್ತದೆ. ನಕುಶಿಯಲ್ಲಿ ಆ ಎಲ್ಲದರೊಳಗೆ ಸ್ಪಷ್ಟಾರ್ಥ ಒಂದೇ ಉಳಿದಿದೆ.

2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಸುಮಾರು 890 ಮಾತ್ರ ಇದ್ದರು. ಅದೇ ವರ್ಷ ಸಾತಾರಾದ ಜಿಲ್ಲಾಡಳಿತ ಹಳ್ಳಿಹಳ್ಳಿಗಳಲ್ಲಿ ಈ ಹೆಸರಿನ ಹುಡುಗಿಯರನ್ನು ಹುಡುಕಿತು. 280ಕ್ಕೂ ಹೆಚ್ಚು ಹುಡುಗಿಯರು ಸಿಕ್ಕರು. ಅಕ್ಟೋಬರ್ ತಿಂಗಳಲ್ಲಿ ಸಾತಾರಾ ನಗರದಲ್ಲಿ ಒಂದು ಸಮಾರಂಭ ನಡೆಯಿತು. ಹುಡುಗಿಯರಿಗೆ ಹೂಗುಚ್ಛವನ್ನೂ ಹೊಸ ಹೆಸರಿನ ಪ್ರಮಾಣಪತ್ರವನ್ನೂ ಕೊಡಲಾಯಿತು. ಹೆಸರನ್ನು ಆರಿಸಿಕೊಳ್ಳುವ ಅವಕಾಶ ಅವರದೇ ಆಗಿತ್ತು. ಕೆಲವರು ಚಲನಚಿತ್ರದ ತಾರೆಯನ್ನು ನೆನೆದು ಐಶ್ವರ್ಯಾ ಆದರು, ಕೆಲವರು ವೈಶಾಲಿ, ಕೆಲವರು ಸಾವಿತ್ರಿ. ಸಾವಿತ್ರಿ ಪುರಾಣದ ಹೆಸರು ಹೌದು. ಆದರೆ ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆಗೆ ಗುರುವಾಗಿ ನಿಂತ ಸಾವಿತ್ರಿಬಾಯಿ ಫುಲೆ ಹುಟ್ಟಿದ ನಾಯಗಾಂವ್ ಇದೇ ಸಾತಾರಾ ಜಿಲ್ಲೆಯಲ್ಲಿದೆ ಎಂಬುದನ್ನು ಸೇರಿಸಿ ಹೇಳಬೇಕು. ಹುಟ್ಟಿದಾಗ ಹೆಸರಿಟ್ಟವರು ಈ ಹುಡುಗಿಯರೊಂದಿಗೆ ಮಾತನಾಡಿರಲಿಲ್ಲ. ಎರಡನೆಯ ಸಲ ಅವರೇ ತಮ್ಮೊಂದಿಗೆ ಮಾತನಾಡಿಕೊಂಡು ಹೆಸರು ಆರಿಸಿದರು.

ಇದು ಮಹಾರಾಷ್ಟ್ರದ ಮಾತು ಎಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ‘ಸಾಕು’ ಎಂದು ಸಾಕವ್ವ, ಸಾಕಮ್ಮ ಎಂಬ ಹೆಸರಿಟ್ಟದ್ದು ಕರ್ನಾಟಕದಲ್ಲೂ ಉಂಟು. ಆದರೆ ಕನ್ನಡದ ‘ಸಾಕು’ ಎಂಬ ಪದದಲ್ಲಿ ಒಂದು ಕರುಣೆ ಅಡಗಿದೆ. ಅದಕ್ಕೆ ಇನ್ನು ಬೇಡ ಎಂಬ ಅರ್ಥವಿರುವಂತೆಯೇ ಪೋಷಿಸು, ಸಲಹು ಎಂಬ ಅರ್ಥವೂ ಇದೆ. ಯಾವ ಅರ್ಥದಲ್ಲಿ ಇಟ್ಟರೆಂಬುದು ಇಟ್ಟವರ ಮನಸ್ಸಿನಲ್ಲಿ ಉಳಿಯಬಹುದು. ಹೊತ್ತವಳು ತನಗೆ ಬೇಕಾದ ಅರ್ಥವನ್ನು ಹಿಡಿದುಕೊಳ್ಳಬಹುದು. 1880ರಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕೊಡಗಿನ ಕಾಫಿ ತೋಟಗಳ ಹೊಣೆ ಹೊತ್ತು, ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕುಳಿತ ಕಾಫಿಪುಡಿ ಸಾಕಮ್ಮನವರ ಬಾಳಿನಲ್ಲಿ ಆ ಹೆಸರು ಸಲಹುವ ಅರ್ಥವನ್ನೇ ಪಡೆಯಿತು. ಹರಿಯಾಣದ ಕುಸ್ತಿಪಟು ಅಂತಿಮ್ ಪಂಘಾಲ್ ಅವರ ಹೆಸರಿಗೆ ಕೊನೆಯವಳು ಎಂದರ್ಥ, ಹೆಣ್ಣುಮಕ್ಕಳು ಇಲ್ಲಿಗೆ ಮುಗಿಯಲಿ ಎಂದು ಇಟ್ಟದ್ದು. 2022ರಲ್ಲಿ 20 ವರ್ಷದೊಳಗಿನವರ ವಿಶ್ವ ಕುಸ್ತಿಯಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಹುಡುಗಿ ಅವರು. ಇಂಥ ಬಾಳುಗಳನ್ನು ಕೊಂಡಾಡುವಾಗ, ಗೆಲ್ಲದ ಸಾವಿರಾರು ಸಾಕವ್ವರು, ನಕುಶಿಯರು ಅದೇ ಹೆಸರಿನಡಿ ಸುಮ್ಮನೆ ಬಾಳಿ ಹೋದರೆಂಬುದೂ ನೆನಪಿರಬೇಕು. ಹೆಸರಿನ ಗಾಯವನ್ನು ಚಿನ್ನದ ಪದಕದಿಂದಲೇ ವಾಸಿ ಮಾಡಿಕೊಳ್ಳಬೇಕೆಂದು ಯಾವ ಮಗುವನ್ನೂ ಕೇಳುವಂತಿಲ್ಲ.

ಹೆಸರು ತಾನಾಗಿ ಗಳಿಸಿಕೊಂಡದ್ದಾದರೆ ಅದರ ಗತಿಯೇ ಬೇರೆ. ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕು ಕನ್ನಡ ಮಾತನಾಡುವ ಗಡಿನಾಡು. ಅಲ್ಲಿನ ಗುಡ್ಡಾಪುರದ ದಾನಮ್ಮದೇವಿಯ ಮೊದಲ ಹೆಸರು ಲಿಂಗಮ್ಮ ಎಂದು ಪರಂಪರೆ ಹೇಳುತ್ತದೆ. ದಾನ, ದಾಸೋಹಗಳಿಂದ ಆಕೆ ದಾನಮ್ಮ ಆದಳು. ಅವಳಿಗೆ ಅದು ಅನ್ವರ್ಥನಾಮ. ಅವಳನ್ನು ನೆನೆದು ಇಟ್ಟ ಸಾವಿರಾರು ದಾನಮ್ಮ, ದಾನವ್ವ, ದಾನಪ್ಪರಿಗೆ ಅಂಕಿತನಾಮ.

ಈಗ ಹೆಸರು ಕಾಗದಕ್ಕೆ ಬರುವ ಮಾತು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗುವಿನ ಜನನವನ್ನು ಹೆಸರಿಲ್ಲದೆಯೂ ನೋಂದಾಯಿಸಬಹುದು. ಹೆಸರಿನ ಕಾಲಂ ಖಾಲಿ ಉಳಿದರೆ ಒಂದು ವರ್ಷದವರೆಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕೊಟ್ಟು 15 ವರ್ಷದವರೆಗೆ ತುಂಬಿಸಬಹುದು. ಕಾನೂನು ತಾಳ್ಮೆಯಿಂದ ಕಾಯುತ್ತದೆ, ಆತುರಪಡುವವರು ಮನೆಯವರು. 2023ರ ಅಕ್ಟೋಬರ್‌ನಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಹಿಡಿದು ಅನೇಕ ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಆಧಾರವಾದ್ದರಿಂದ, ಆ ಕಾಲಂನಲ್ಲಿ ಬರೆದ ಪದ ಮೊದಲಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ನಂತರ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು ಬರಬೇಕೆಂಬ ನಿಯಮ ಬಂದಿದೆ. ಮಗಳ ಹೆಸರನ್ನು ಇಡುವವರು, ಅದರ ಪಕ್ಕದಲ್ಲೇ ಅವಳ ತಾಯಿಗೆ ಒಂದು ಕಾಲದಲ್ಲಿ ಇಟ್ಟ ಹೆಸರನ್ನೂ ಓದಬೇಕಾಗುತ್ತದೆ.

ಕಾಗದಕ್ಕೂ ಮೊದಲು ತೊಟ್ಟಿಲು. ಮರಾಠಿ ಮನೆಗಳಲ್ಲಿ ಹನ್ನೆರಡನೆಯ ದಿನದ ಈ ಶಾಸ್ತ್ರಕ್ಕೆ ‘ಬಾರಸೆ’ ಎನ್ನುತ್ತಾರೆ. ಹೆಸರಿಡುವ ಹಕ್ಕು ‘ಆತ್ಯಾ’ಳದು, ಅಂದರೆ ಮಗುವಿನ ಸೋದರತ್ತೆಯದು, ಉತ್ತರ ಕರ್ನಾಟಕದಲ್ಲೂ ಅತ್ತಿಯೇ ಮುಂದೆ ಬರಬೇಕು. ಅಲಂಕರಿಸಿದ ತೊಟ್ಟಿಲಲ್ಲಿ ಮಗುವನ್ನು ಮಲಗಿಸಿರುತ್ತಾರೆ. ಸುತ್ತ ಹೆಂಗಸರು, ತೊಟ್ಟಿಲ ಹಾಡು. ಹಾಡು ನಿಂತ ಮೇಲೆ ಸೋದರತ್ತೆ ಬಾಗುತ್ತಾಳೆ, ಮಗುವಿನ ಕಿವಿಗೆ ಬಾಯಿ ಹಚ್ಚಿ ಮೊದಲು ‘ಕುರ್ರ್’ ಎಂದು ಒಂದು ಸದ್ದು ಮಾಡುತ್ತಾಳೆ. ಅದಾದ ಮೇಲೆ ಹೆಸರು. ಸುತ್ತಲಿನವರಿಗೆ ಕೇಳದಷ್ಟು ಮೆಲ್ಲಗೆ, ಊರಿಗಿಂತ, ದಾಖಲೆಗಿಂತ, ಅಪ್ಪನಿಗಿಂತ ಮೊದಲು, ಆ ಪದವನ್ನು ಕೇಳುವುದು ಮಗು. ಮರುಗಳಿಗೆಯಲ್ಲಿ ಹೆಂಗಸರೆಲ್ಲ ನಗುತ್ತ ಸೋದರತ್ತೆಯ ಬೆನ್ನಿಗೆ ಗುದ್ದುತ್ತಾರೆ, ಹೆಸರನ್ನು ಗಟ್ಟಿಯಾಗಿ ಹೇಳಿಸುತ್ತಾರೆ. ಆಮೇಲೆ ಬಂದವರಿಗೆಲ್ಲ ಬೇಯಿಸಿದ ಕಾಳು ಹಂಚುತ್ತಾರೆ. ಮರಾಠಿಯಲ್ಲಿ ಅದು ಘುಗರಿ, ಕನ್ನಡದಲ್ಲಿ ಗುಗ್ಗರಿ.